ಸಂಜೆಯ ಪಾಠ

ಮೂವತ್ತು ದಾಟಿದ ಗೃಹಸ್ಥನಿಗೆ ನಮ್ಮ ಜನ ಕೇಳುವ ಪ್ರಶ್ನೆಗಳು ನಾಲ್ಕೈದೇ. ಸಂಬಳವೆಷ್ಟು, ಮಕ್ಕಳೆಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ, ಊರಲ್ಲಿ ಹೊಲ ಉಳಿದಿದೆಯೋ ಮಾರಿಯಾಯಿತೋ! ‘ಈಗ ಏನು ಕಲಿಯುತ್ತಿದ್ದೀರಿ?’ ಎಂದು ಅವನನ್ನು ಕೇಳುವ ಪುಣ್ಯಾತ್ಮನು ಇನ್ನೂ ಹುಟ್ಟಬೇಕಾಗಿದೆ. ಕಲಿಯುವುದು ಹುಡುಗರ ಪಾಲಿನದು, ಮರೆಯುವುದು ಮುದುಕರ ಪಾಲಿನದು. ನಡುವಿನವರಿಗೆ ಇವೆರಡಕ್ಕೂ ಪುರುಸೊತ್ತಿಲ್ಲ ಎಂಬುದು ಲೋಕದ ಎಣಿಕೆ. ಕಲಿಸುವುದನ್ನೇ ಕಸುಬು ಮಾಡಿಕೊಂಡ ನನ್ನಂಥವನನ್ನಂತೂ ಕೇಳುವ ಮಾತೇ ಇಲ್ಲ. ಅಡಿಗೆಯವನನ್ನು ‘ಊಟವಾಯಿತೇ?’ ಎಂದು ಯಾರು ವಿಚಾರಿಸುತ್ತಾರೆ?

ಆದ್ದರಿಂದ ಎರಡು ವರ್ಷದ ಹಿಂದೆ ನಾನು ವಾರಕ್ಕೆ ನಾಲ್ಕು ಸಂಜೆ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಹೋಗಿ ಇಲೆಕ್ಟ್ರಾನಿಕ್ಸ್ ಉಪಕರಣಗಳ ದುರಸ್ತಿಯನ್ನು ಕಲಿಯತೊಡಗಿದಾಗ ಬಂಧುಮಿತ್ರರಲ್ಲಿ ಉಂಟಾದ ಗಾಬರಿಯನ್ನು ನೀವೇ ಊಹಿಸಬಹುದು. ‘ನೌಕರಿಗೆ ಏನಾದರೂ ಸಂಚಕಾರ ಬಂತೇನು?’ ಎಂದು ಸಹೋದ್ಯೋಗಿಯೊಬ್ಬರು ಮೆಲುದನಿಯಲ್ಲಿ ಕೇಳಿದರು. ಎದುರುಮನೆಯ ಕಾಕೂ ಮಾತೇ ಆಡದೆ, ತಿರುಗದ ಮಿಕ್ಸರೊಂದನ್ನು ನಮ್ಮ ಕಟ್ಟೆಯ ಮೇಲೆ ಇಟ್ಟುಹೋದರು. ‘ಊರಾಗಿನ ಸಾಮಾನು ಏನರ ಬಿಚ್ಚ್ರಿ, ಮನ್ಯಾಗಿನ ಫ್ಯಾನಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ’ ಎಂದು ನನ್ನಾಕೆ ಮುಂಗಡವಾಗಿ ಅಪ್ಪಣೆ ಹೊರಡಿಸಿದಳು. ಆದಿಕವಿಯ ಊರೆಂದು ಹೆಸರಾದ ಅಣ್ಣಿಗೇರಿಯಲ್ಲಿ ಹಗಲು ಪಂಪನನ್ನು ಬಿಡಿಸಿ ಹೇಳುವವನು ರಾತ್ರಿ ಪಂಪಿನ ಸ್ಟಾರ್ಟರು ಬಿಚ್ಚುತ್ತ ಕುಳಿತರೆ ನಗುವವರನ್ನು ತಪ್ಪೆನ್ನಲಾಗದು.

ಈ ಉದ್ಯೋಗಕ್ಕೆ ನನ್ನನ್ನು ಹಚ್ಚಿದವನು ನನ್ನ ವಿದ್ಯಾರ್ಥಿ. ನವಲಗುಂದ ತಾಲೂಕಿನ ಒಂದು ಹಳ್ಳಿಯ ಹುಡುಗ, ಬಿ.ಎ. ಐದನೆಯ ಸೆಮಿಸ್ಟರಿನಲ್ಲಿದ್ದ. ಒಂದು ದಿನ ಅವನ ತಂದೆ ಕಾಲೇಜಿಗೆ ಬಂದರು. ಬಿಳಿಯ ಟೋಪಿ, ಮಡಿಚಿದ ಅಂಗಿಯ ತೋಳು, ಕಾಲಿನ ಬಿರುಕುಗಳಲ್ಲಿ ಎರೆಮಣ್ಣಿನ ಕಪ್ಪು. ಕುರ್ಚಿಯನ್ನು ತೋರಿಸಿದರೂ ಕೂಡಲಿಲ್ಲ.

‘ಸರ, ಡಿಗ್ರಿ ಬಿಟ್ಟು ರಿಪೇರಿ ಕಲೀತೀನಿ ಅಂತಾನ್ರಿ. ನಮ್ಮ ಮನಿತನದಾಗ ಕಾಲೇಜಿನ ಕಟ್ಟಿ ಹತ್ತಿದಾಂವ ಇಂವ ಒಬ್ಬನ. ರಿಪೇರಿ ಮಾಡೂದಕ್ಕ ಇಷ್ಟ ಓದಸಬೇಕಿತ್ತೇನ್ರಿ? ನೀವರ ಒಂದ ಮಾತು ಹೇಳ್ರಿ.’

ಹುಡುಗನನ್ನು ಕರೆಸಿ ಕೇಳಿದೆ. ಅವನು ನೆಲವನ್ನು ನೋಡುತ್ತಲೇ ಮರುಪ್ರಶ್ನೆ ಹಾಕಿದ: ‘ಡಿಗ್ರಿ ಮುಗದಮ್ಯಾಲ ಏನ್ರಿ ಸರ?’

ಕನ್ನಡ ನಾಡಿನ ಕಲಾ ವಿಭಾಗದ ಉಪನ್ಯಾಸಕರಾರೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಸ್ಪರ್ಧಾತ್ಮಕ ಪರೀಕ್ಷೆ, ಬಿ.ಎಡ್., ಪೊಲೀಸು ಭರ್ತಿ ಎಂದು ಉತ್ತರವನ್ನು ಒಪ್ಪಿಸುವುದು ಕಷ್ಟವಲ್ಲ. ಆದರೆ ಅಪ್ಪ ಎದುರಿಗೆ ನಿಂತಿದ್ದರು. ಮೂರು ಎಕರೆ ಒಣಬೇಸಾಯದ ಬೆಳೆಯಲ್ಲಿ ಮಗನ ಶುಲ್ಕವನ್ನು ಕಟ್ಟುತ್ತಿದ್ದವರು. ಮಗ ಕಲಿಯಬೇಕೆಂದ ವಿದ್ಯೆಯ ಹೊಸ್ತಿಲನ್ನೂ ನಾನು ಕಂಡಿರಲಿಲ್ಲ. ಕಾಣದ ಊರಿಗೆ ದಾರಿ ಹೇಳುವ ಸಾಹಸಕ್ಕೆ ಹೋಗದೆ, ‘ಯಜಮಾನ್ರ, ಒಂದು ತಿಂಗಳ ವಾಯಿದೆ ಕೊಡ್ರಿ. ಅಲ್ಲೀತನಕ ಅಂವ ಕಾಲೇಜು ಬಿಡೂದು ಬ್ಯಾಡ’ ಎಂದೆ. ಮರುವಾರ ಆ ತರಗತಿಯನ್ನು ನೋಡಿಬರಲೆಂದು ಹುಡುಗನೊಡನೆ ಬಸ್ಸು ಹತ್ತಿದೆ. ಮೂರನೆಯ ಸಂಜೆ ನನ್ನ ಹೆಸರಿನಲ್ಲಿಯೂ ಶುಲ್ಕ ಕಟ್ಟಿದೆ.

ಹುಬ್ಬಳ್ಳಿಯ ಹಳೆಯ ಕಟ್ಟಡವೊಂದರ ಮಹಡಿ. ಸಂಜೆ ಆರೂವರೆಯಿಂದ ಎಂಟೂವರೆ. ಎರಡು ಉದ್ದನೆಯ ಮೇಜು, ಒಂದೊಂದರ ಮೇಲೆ ಆರೇಳು ಬೆಸುಗೆಯ ಕಡ್ಡಿ, ಗೋಡೆಗೆ ಒರಗಿಸಿದ ಸತ್ತ ಟಿ.ವಿ.ಗಳ ರಾಶಿ, ಕಾದ ರಾಳದ ವಾಸನೆ. ನಮ್ಮ ಮಾಸ್ತರರು ಅರವತ್ತರ ಗಡಿ ದಾಟಿದವರು. ಟ್ರಾನ್ಸಿಸ್ಟರ್ ರೇಡಿಯೋದಿಂದ ಕಸುಬು ಆರಂಭಿಸಿ ಟೇಪ್ ರೆಕಾರ್ಡರು, ಕಪ್ಪುಬಿಳುಪು ಟಿ.ವಿ., ಬಣ್ಣದ ಟಿ.ವಿ.ಗಳನ್ನು ದಾಟಿ ಈಗ ಎಲ್.ಇ.ಡಿ. ದೀಪದವರೆಗೆ ನಡೆದುಬಂದಿದ್ದರು. ‘ನಾ ಐದ ಸಲ ಒಂದನೇ ಇಯತ್ತೆ ಕೂತೀನ್ರಿ’ ಎಂದು ನಗುತ್ತಿದ್ದರು. ಯಾವ ಉಪಕರಣವೂ ಅವರ ಕೈಯಲ್ಲಿ ಹದಿನೈದು ವರ್ಷಕ್ಕಿಂತ ಹೆಚ್ಚು ಬಾಳಿರಲಿಲ್ಲ. ಪ್ರತಿ ಸಲವೂ ಹೊಸದನ್ನು ಮೊದಲಿನಿಂದ ಕಲಿತಿದ್ದರು.

ಮೊದಲ ಪಾಠ ರೆಸಿಸ್ಟರುಗಳ ಬಣ್ಣಗಳದು. ವಿದ್ಯುತ್ತಿನ ಓಟವನ್ನು ತಡೆಯುವ ಈ ಕಾಳಿನಂಥ ವಸ್ತುವಿನ ಮೇಲೆ ಅಂಕಿ ಬರೆಯಲು ಜಾಗವಿಲ್ಲ. ಬಣ್ಣದ ಪಟ್ಟಿಗಳನ್ನು ಬಳಿದಿರುತ್ತಾರೆ. ಕಪ್ಪು ಎಂದರೆ ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹಳದಿ ನಾಲ್ಕು, ಹಸಿರು ಐದು, ನೀಲಿ ಆರು, ನೇರಳೆ ಏಳು, ಬೂದು ಎಂಟು, ಬಿಳುಪು ಒಂಬತ್ತು. ಕಂದು, ಕಪ್ಪು, ಕೆಂಪು ಸಾಲಾಗಿ ಬಂದರೆ ಹತ್ತರ ಮುಂದೆ ಎರಡು ಸೊನ್ನೆ, ಸಾವಿರ ಓಮ್. ಹುಡುಗರು ಇದನ್ನು ಬಾಯಿಪಾಠ ಮಾಡಲು ಹೆಣಗುತ್ತಿದ್ದಾಗ ನನಗೆ ನಮ್ಮ ಛಂದಸ್ಸಿನ ‘ಯಮಾತಾರಾಜಭಾನಸಲಗಂ’ ನೆನಪಿಗೆ ಬಂತು. ಅದರಲ್ಲಿಯೂ ಹತ್ತೇ ಅಕ್ಷರ. ಅಷ್ಟರಲ್ಲಿ ಗಣಗಳ ಪ್ರಪಂಚವೆಲ್ಲ ಅಡಗಿದೆ. ಮಾಸ್ತರರ ಅನುಮತಿ ಪಡೆದು ಬಣ್ಣಗಳ ಮೊದಲಕ್ಷರಗಳನ್ನು ಪೋಣಿಸಿ ಒಂದು ಸೂತ್ರ ಕಟ್ಟಿಕೊಟ್ಟೆ. ಅದು ಸಾಹಿತ್ಯವಾಗಲಿಲ್ಲ, ಆದರೆ ಹುಡುಗರು ಅದನ್ನು ಹಾಡಿಕೊಂಡು ಬಸ್ಸು ಹತ್ತಿದರು.

ಆಮೇಲೆ ಡಿಜಿಟಲ್ ವಿದ್ಯೆಗೆ ಬಂದಾಗ ಛಂದಸ್ಸಿಗೆ ಇನ್ನೂ ಹೆಚ್ಚಿನ ಮರ್ಯಾದೆ ದೊರೆಯಿತು. ಒಂದು ಸ್ವಿಚ್ಚಿಗೆ ಎರಡೇ ಸ್ಥಿತಿ: ಆರಿದೆ ಅಥವಾ ಹೊತ್ತಿದೆ. ಮೂರು ಸ್ವಿಚ್ಚುಗಳನ್ನು ಜೊತೆಗಿಟ್ಟರೆ ಎಷ್ಟು ಬಗೆ? ಎಂಟು. ಹುಡುಗರು ಇದು ಹೇಗೆಂದು ಬೆರಳು ಎಣಿಸುತ್ತಿದ್ದರು. ‘ಶಾಲೆಯಲ್ಲಿ ಕಲಿತ ಅಕ್ಷರಗಣಗಳೆಷ್ಟು?’ ಎಂದು ಕೇಳಿದೆ. ‘ಎಂಟು’ ಎಂದರು. ಮೂರು ಅಕ್ಷರ, ಒಂದೊಂದೂ ಲಘುವೋ ಗುರುವೋ, ಆದ್ದರಿಂದಲೇ ಎಂಟು. ಮೂರೂ ಲಘುವಾದರೆ ನಗಣ, ಮೂರು ಸ್ವಿಚ್ಚೂ ಆರಿದಂತೆ. ಮೂರೂ ಗುರುವಾದರೆ ಮಗಣ, ಮೂರೂ ಹೊತ್ತಿದಂತೆ. ಹತ್ತನೆಯ ಶತಮಾನದಲ್ಲಿ ‘ಛಂದೋಂಬುಧಿ’ ಬರೆದ ನಾಗವರ್ಮನು ಹುಬ್ಬಳ್ಳಿಯ ಮಹಡಿಯ ಮೇಲೆ ಹೀಗೆ ಉಪಯೋಗಕ್ಕೆ ಬಂದಾನೆಂದು ಯಾರು ಎಣಿಸಿದ್ದರು? ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಸ್ತಾರ ಹಾಕಲಾರದೆ ಅಂಕ ಕಳೆದುಕೊಂಡಿದ್ದ ಒಬ್ಬನು, ‘ಇದಕ್ಕಂತನರ ಮೊದಲ ಹೇಳಿದ್ರ ಕಲೀತಿದ್ನಲ್ರಿ!’ ಎಂದು ಹಲುಬಿದ.

ಲೆಕ್ಕ ಮುಗಿಸಿ ಕೈಕೆಲಸಕ್ಕೆ ಬಂದಾಗ ಮಾಸ್ತರರ ಮುಖದ ನಗೆ ಮಾಯವಾಗುತ್ತಿತ್ತು. ನಮ್ಮ ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಉಪಕರಣದೊಳಗೆ ನೇರಪ್ರವಾಹವಾಗಿ ಮಾರ್ಪಟ್ಟು ಕೆಪಾಸಿಟರಿನಲ್ಲಿ ತುಂಬಿದಾಗ ಸುಮಾರು 325 ವೋಲ್ಟು ಆಗುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಅಲ್ಲಿಯೇ ಹೊಂಚುಹಾಕಿ ಕುಳಿತಿರಬಹುದು. ‘ಸ್ವಿಚ್ ಬಂದ್ ಮಾಡೀನಿ ಅಂತ ನಂಬಬ್ಯಾಡ್ರಿ. ಮೀಟರ್ ಹಚ್ಚಿ ನೋಡಿದಮ್ಯಾಲ ನಂಬ್ರಿ’ ಎಂಬುದನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಸಂಶಯದ ಉಪಕರಣವನ್ನು ನೇರವಾಗಿ ವಿದ್ಯುತ್ತಿಗೆ ಕೊಡದೆ ಹಳೆಯ ತಂತಿಯ ಬಲ್ಬೊಂದನ್ನು ನಡುವೆ ಸಾಲಿನಲ್ಲಿ ಜೋಡಿಸುವ ರೂಢಿಯನ್ನೂ ಕಲಿಸಿದರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಉಪಕರಣ ಸುಡದೆ ಉಳಿಯುತ್ತದೆ.

ಬೆಸುಗೆಯ ಪಾಠವಂತೂ ಎರಡು ವಾರ ನಡೆಯಿತು. ತವರ ಮತ್ತು ಸೀಸ ಬೆರೆಸಿದ ತಂತಿಯು ಸುಮಾರು 190 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕರಗುತ್ತದೆ. ಕರಗಿದ್ದನ್ನು ಹಚ್ಚಿಬಿಟ್ಟರೆ ಬೆಸುಗೆಯಾಯಿತೆಂದು ಹೊಸಬರು ತಿಳಿಯುತ್ತಾರೆ. ‘ತಂತಿನೂ ಕಾಯಬೇಕು, ಕೆಳಗಿನ ತಾಮ್ರಾನೂ ಕಾಯಬೇಕು. ಒಂದ ಕಡೆ ಕಾದ್ರ ಅದು ಹುಸಿ ಬೆಸಗಿ. ಕಣ್ಣಿಗೆ ಹತ್ತಿದಾಂಗ ಕಾಣತೈತಿ, ಒಂದ ತಿಂಗಳಿಗೆ ಬಿಡತೈತಿ.’ ಅಕ್ಕಸಾಲಿಗರು ಬಿಳಿಗಾರವಿಟ್ಟು ಚಿನ್ನ ಬೆಸೆಯುವಾಗ ಪಾಲಿಸುವ ನಿಯಮವೂ ಇದೇ ಎಂದು, ಅದೇ ಮನೆತನದಿಂದ ಬಂದ ನಮ್ಮ ಸಹಪಾಠಿಯೊಬ್ಬನು ಹೇಳಿದ.

ಈ ಸಹಪಾಠಿಗಳ ವಿಷಯ ಹೇಳದಿದ್ದರೆ ನನ್ನ ಬರೆಹ ಅಪೂರ್ಣ. ನಾವು ಹದಿನಾಲ್ಕು ಮಂದಿ. ಕಲಘಟಗಿಯಿಂದ ಬರುವವನು ತೊಟ್ಟಿಲು ಮಾಡುವವರ ಓಣಿಯ ಹುಡುಗ. ಹಗಲೆಲ್ಲ ಫರ್ನಿಚರ್ ಅಂಗಡಿಯಲ್ಲಿ ಕೆಲಸ. ಇನ್ನೊಬ್ಬ ಗಿರಣಿಯ ಹಮಾಲ. ಒಬ್ಬ ಆಟೋ ಓಡಿಸುವವನು. ಪಾಠದ ನಡುವೆ ಫೋನು ಬಂದರೆ ಬಾಡಿಗೆ ಬಿಟ್ಟು ಕೂತಿದ್ದಾನೆಂದು ಅವನ ಮುಖದಿಂದಲೇ ತಿಳಿಯುತ್ತಿತ್ತು. ಕುಂದಗೋಳದಿಂದ ಬರುತ್ತಿದ್ದ ತಂಗಿಯೊಬ್ಬಳು ಮೂವತ್ತರ ಹತ್ತಿರದವಳು, ಹೊಲಿಗೆಯಿಂದ ಸಂಸಾರ ನಡೆಸುವವಳು. 2023ರ ಜೂನಿನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆಯೇ ಅವಳಿಗೆ ಈ ಪಾಠದ ಯೋಚನೆ ಬಂದದ್ದು. ‘ಬಸ್ಸಿನ ರೊಕ್ಕಾ ಉಳದಿದ್ದು ಫೀಜಿಗೆ ಆತ್ರಿ ಅಣ್ಣಾರ’ ಎಂದಿದ್ದಳು. ಹೊಲಿಗೆಗೆ ಪಳಗಿದ ಅವಳ ಬೆರಳುಗಳ ಬೆಸುಗೆಯನ್ನು ಮಾಸ್ತರರು ಎಲ್ಲರಿಗೂ ತೋರಿಸುತ್ತಿದ್ದರು. ಆದರೆ ಎಂಟು ಗಂಟೆ ಹೊಡೆದೊಡನೆ ಅವಳು ಎದ್ದು ಹೋಗಬೇಕು. ಕೊನೆಯ ಅರ್ಧ ಗಂಟೆಯ ಪಾಠ ಅವಳ ಪಾಲಿಗೆ ಎಂದೂ ಇರಲಿಲ್ಲ. ಅದನ್ನು ಮರುದಿನ ಐದು ನಿಮಿಷದಲ್ಲಿ ಅವಳಿಗೆ ಹೇಳಿಕೊಡುವ ಸರದಿಯನ್ನು ನಾವು ಹಂಚಿಕೊಂಡೆವು.

ನಮ್ಮ ಸೀಮೆ ಕಸುಬುಗಳಿಗೆ ಬಡವಲ್ಲ. ನವಲಗುಂದದ ಜಮಖಾನ, ಕಲಘಟಗಿಯ ಬಣ್ಣದ ತೊಟ್ಟಿಲು ಯಾರಿಗೆ ಗೊತ್ತಿಲ್ಲ? ಆದರೆ ಆ ಕೈಗುಣ ಬಹುಮಟ್ಟಿಗೆ ಮನೆಯಿಂದ ಮನೆಯವರಿಗೆ ಇಳಿದುಬಂದದ್ದು. ನೇಯುವವರ ಮನೆಯಲ್ಲಿ ಹುಟ್ಟಿದವರಿಗೆ ಮಗ್ಗ, ಬಡಿಗರ ಮನೆಯಲ್ಲಿ ಹುಟ್ಟಿದವರಿಗೆ ಉಳಿ. ಸಂಜೆಯ ತರಗತಿಯು ಯಾರ ಮಗನೆಂದು ಕೇಳುವುದಿಲ್ಲ. ಹಗಲಿನ ಕೆಲಸ ಮುಗಿಯಿತೇ, ಕಣ್ಣಲ್ಲಿ ಇನ್ನೂ ಎಚ್ಚರ ಉಳಿದಿದೆಯೇ ಎಂದಷ್ಟೇ ಕೇಳುತ್ತದೆ. ಅಕ್ಕಸಾಲಿಗನೂ ಹಮಾಲನೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಮೀಟರಿನ ಮುಳ್ಳನ್ನು ನೋಡುವುದನ್ನು ನಾನು ಕಂಡದ್ದು ಅಲ್ಲಿ.

ಸರ್ಕಾರದ ಐ.ಟಿ.ಐ.ಗಳೂ ಈ ಬಾಗಿಲನ್ನು ತೆರೆದವುಗಳೇ. 1950ರಲ್ಲಿ ಭಾರತ ಸರ್ಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಇಂದು ಹತ್ತನೆಯ ತರಗತಿ ಮುಗಿಸಿದವನು ಎರಡು ವರ್ಷ ಓದಿ ಇಲೆಕ್ಟ್ರಾನಿಕ್ ಮೆಕ್ಯಾನಿಕ್ ಆಗಬಹುದು. ಆದರೆ ಅದು ಬಹುಮಟ್ಟಿಗೆ ಹಗಲಿನ ಶಾಲೆ. ಹಗಲನ್ನು ಈಗಾಗಲೇ ಕೂಲಿಗೋ ಅಂಗಡಿಗೋ ಮಾರಿಕೊಂಡವರಿಗೆ ಉಳಿಯುವುದು ಸಂಜೆಯೊಂದೇ.

ಸಂಜೆಯ ಗಾಡಿ ಹಿಡಿದು ವಿದ್ಯೆಗೆ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಆಗಲೇ ಹೆಸರಾಗಿದ್ದ ಗಾಯಕಿ, ಸಂಸಾರಸ್ಥೆ, ತಾಯಿ. ಆದರೂ ಮತ್ತೆ ವಿದ್ಯಾರ್ಥಿನಿ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋದರು, ನಮ್ಮ ಹೊಲಿಗೆಯ ತಂಗಿ ಕುಂದಗೋಳದಿಂದ ಹುಬ್ಬಳ್ಳಿಗೆ ಬರುತ್ತಾಳೆ. ಹೋಲಿಕೆ ದೊಡ್ಡದಾಯಿತೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಗಾಡಿ ತಪ್ಪಿದರೆ ಇಬ್ಬರಿಗೂ ಕಷ್ಟ ಒಂದೇ.

ಇನ್ನು ನಾವು ಮುಟ್ಟುವ ಈ ವಿದ್ಯುತ್ತಿನ ವಿದ್ಯೆಯೇ ಒಬ್ಬ ಸಂಜೆಯ ವಿದ್ಯಾರ್ಥಿಗೆ ಋಣಿಯಾಗಿದೆ. ಮೈಕೇಲ್ ಫ್ಯಾರಡೆ 1791ರಲ್ಲಿ ಇಂಗ್ಲೆಂಡಿನ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ. ಹದಿನಾಲ್ಕನೆಯ ವಯಸ್ಸಿಗೆ ಲಂಡನ್ನಿನ ಪುಸ್ತಕ ಕಟ್ಟುವವನೊಬ್ಬನ ಬಳಿ ಕೆಲಸ ಕಲಿಯಲು ನಿಂತ. 1810ರಲ್ಲಿ ಆ ಊರಿನಲ್ಲಿ ಟೇಟಮ್ ಎಂಬವನು ತನ್ನ ಮನೆಯಲ್ಲಿ ಸಂಜೆ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ. ಒಂದು ಉಪನ್ಯಾಸಕ್ಕೆ ಒಂದು ಶಿಲಿಂಗು. ಆ ಶಿಲಿಂಗುಗಳನ್ನು ಕೊಟ್ಟವನು ಕಮ್ಮಾರಿಕೆಯನ್ನೇ ಮಾಡುತ್ತಿದ್ದ ಅವನ ಅಣ್ಣ. ಹಗಲು ಪುಸ್ತಕ ಕಟ್ಟಿ ಸಂಜೆ ಪಾಠ ಕೇಳಿದ ಆ ಹುಡುಗನು 1831ರಲ್ಲಿ ಕಂಡುಹಿಡಿದ ತತ್ತ್ವದ ಮೇಲೆಯೇ ಇಂದಿನ ವಿದ್ಯುಜ್ಜನಕವೂ ಟ್ರಾನ್ಸ್‌ಫಾರ್ಮರೂ ನಿಂತಿವೆ. ಕೆಪಾಸಿಟರಿನ ಅಳತೆಗೆ ಅವನ ಹೆಸರಿನಿಂದಲೇ ‘ಫ್ಯಾರಡ್’ ಎನ್ನುತ್ತಾರೆ. ಇದನ್ನು ತರಗತಿಯಲ್ಲಿ ಹೇಳಿದಾಗ ಆಟೋದವನು ಕೈಯಲ್ಲಿದ್ದ ಕೆಪಾಸಿಟರನ್ನು ತಿರುಗಿಸಿ ನೋಡಿ, ‘ಹಂಗಾರ ಇಂವ ನಮ್ಮಾಂವನ!’ ಎಂದ.

ಒಂದು ತಿಂಗಳು ತುಂಬಿದಾಗ ಯಜಮಾನರು ಮತ್ತೆ ಬಂದರು. ಆಗ ನನಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಈ ವಿದ್ಯೆಯಲ್ಲಿ ಅನ್ನವಿದೆ, ಆದರೆ ಸುಲಭದ ಅನ್ನವಲ್ಲ. ಇಂದಿನ ಉಪಕರಣಗಳ ಒಳಗಿನ ಬಿಡಿಭಾಗಗಳು ಸಾಸಿವೆಗಿಂತ ಸಣ್ಣವು. ಅನೇಕ ತಯಾರಕರು ನಕ್ಷೆಯನ್ನೂ ಬಿಟ್ಟುಕೊಡುವುದಿಲ್ಲ. ಕೆಟ್ಟರೆ ಎಸೆಯಿರಿ, ಹೊಸದನ್ನು ಕೊಳ್ಳಿರಿ ಎಂಬುದೇ ಮಾರುಕಟ್ಟೆಯ ಮಂತ್ರ. ದುರಸ್ತಿಯು ಗ್ರಾಹಕರ ಹಕ್ಕೆಂದು 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಒಂದು ಜಾಲತಾಣ ತೆರೆಯಬೇಕಾಯಿತು. ಇಂಥ ಕಾಲದಲ್ಲಿ ಕೈ ಮಾತ್ರ ಕಲಿತರೆ ಸಾಲದು. ಹೊಸದು ಬಂದಾಗ ಓದಿ ತಿಳಿಯುವ ಶಕ್ತಿಯೂ ಬೇಕು. ‘ಆದ್ದರಿಂದ ಡಿಗ್ರಿನೂ ಬಿಡಿಸಬ್ಯಾಡ್ರಿ, ರಿಪೇರಿನೂ ಬಿಡಿಸಬ್ಯಾಡ್ರಿ’ ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದು, ‘ಎರಡ ಎತ್ತ ಹೂಡ್ರಿ ಅಂತೀರಿ. ಮೇವ ಒಂದಕ್ಕ ಸಾಲೂವಷ್ಟ ಐತಲ್ರಿ?’ ಎಂದರು.

ಮೇವಿನ ಮಾತು ನಿಜ. ಹುಡುಗ ಬೆಳಿಗ್ಗೆ ಐದಕ್ಕೆದ್ದು ದನ ಕಟ್ಟಿ, ಹತ್ತಕ್ಕೆ ಕಾಲೇಜಿಗೆ ಬಂದು, ಸಂಜೆ ಹುಬ್ಬಳ್ಳಿಗೆ ಹೋಗಿ, ಮನೆ ಸೇರುವಾಗ ರಾತ್ರಿ ಹನ್ನೊಂದು. ಎಷ್ಟೋ ದಿನ ನನ್ನ ಹಳಗನ್ನಡದ ತಾಸಿನಲ್ಲಿ ಅವನ ತಲೆ ತೂಗುವುದನ್ನು ಕಂಡಿದ್ದೇನೆ, ಎಬ್ಬಿಸಲು ಮನಸ್ಸಾಗಲಿಲ್ಲ. ಸಂಜೆಯ ಪಾಠವನ್ನು ಹೊಗಳಿ ಬರೆಯುವುದು ಸುಲಭ. ಅದರ ನಿಜವಾದ ಶುಲ್ಕವನ್ನು ನಿದ್ದೆಯಲ್ಲಿ ಕಟ್ಟಬೇಕಾಗುತ್ತದೆ, ಅದಕ್ಕೆ ರಸೀದಿ ಇಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವನ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ನಿಂತುಹೋಯಿತು. ನವಲಗುಂದದ ಕಡೆಯ ಸವುಳು ನೀರು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾಣ್ಯ ಹಾಕಿದರೆ ಕೊಡ ತುಂಬುವ ಯಂತ್ರ. ನಾಣ್ಯ ನುಂಗುತ್ತಿತ್ತು, ನೀರು ಬಿಡುತ್ತಿರಲಿಲ್ಲ. ದುರಸ್ತಿಯವರು ಬರುತ್ತಾರೆಂದು ಕಾದು ಎರಡು ತಿಂಗಳಾಗಿತ್ತು. ಹೆಂಗಸರು ಮತ್ತೆ ಕೆರೆಯ ದಾರಿ ಹಿಡಿದಿದ್ದರು. ಹುಡುಗ ಪಂಚಾಯತಿಯ ಒಪ್ಪಿಗೆ ಪಡೆದು ಪೆಟ್ಟಿಗೆ ತೆಗೆದ. ಮೊದಲು ಮೀಟರು ಹಚ್ಚಿ ನೋಡಿದ. ಆಮೇಲೆಯೇ ಕೈ ಹಾಕಿದ. ನಾಣ್ಯ ಎಣಿಸುವ ಹಲಗೆಗೆ ಹನ್ನೆರಡು ವೋಲ್ಟು ಕೊಡುವ ಭಾಗದಲ್ಲಿ ಒಂದು ಕೆಪಾಸಿಟರು ತಲೆ ಉಬ್ಬಿಸಿಕೊಂಡು ನಿಂತಿತ್ತು. ಹುಬ್ಬಳ್ಳಿಯ ಅಂಗಡಿಯಲ್ಲಿ ಅದರ ಬೆಲೆ ಹತ್ತು ರೂಪಾಯಿಯೊಳಗೆ. ಬೆಸುಗೆ ಹಾಕಿ, ನಾಣ್ಯ ಇಳಿಸಿ, ಮೊದಲ ಕೊಡವನ್ನು ತುಂಬಿಸಿದ್ದು ಅವನ ತಾಯಿಯಂತೆ.

ಇದನ್ನು ಹೇಳಲೆಂದೇ ಯಜಮಾನರು ಮೂರನೆಯ ಸಲ ಕಾಲೇಜಿಗೆ ಬಂದಿದ್ದರು. ಈ ಸಲ ಕುರ್ಚಿಯ ಮೇಲೆ ಕುಳಿತರು. ಎಲ್ಲ ಹೇಳಿದ ಮೇಲೆ, ‘ಆದ್ರೂ ಸರ, ನೌಕರಿ ಅಂತ ಒಂದ ಆಗಬೇಕಲ್ರಿ?’ ಎಂದು ಹಳೆಯ ಮಾತಿಗೇ ಬಂದರು. ಅವರ ಚಿಂತೆ ತೀರಿಲ್ಲ. ತೀರಿತೆಂದು ನಾನು ಬರೆದರೆ ಸುಳ್ಳಾದೀತು. ಹುಡುಗ ಬಿ.ಎ. ಮುಗಿಸಿದ. ಈಗ ನವಲಗುಂದದ ಅಂಗಡಿಯೊಂದರಲ್ಲಿ ಕೆಲಸ. ಪಂಪ್‌ಸೆಟ್ಟಿನ ಸ್ಟಾರ್ಟರು, ಇನ್ವರ್ಟರು, ದೀಪ ಎಲ್ಲವೂ ಅವನ ಮೇಜಿಗೆ ಬರುತ್ತವೆ. ರಾತ್ರಿ ಪರೀಕ್ಷೆಯೊಂದಕ್ಕೆ ಓದುತ್ತಿದ್ದಾನೆ. ಎರಡು ಎತ್ತನ್ನೂ ಇನ್ನೂ ಬಿಟ್ಟಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಕಾಕೂ ಅವರ ಮಿಕ್ಸರು ತಿರುಗುತ್ತಿದೆ. ಮನೆಯ ಫ್ಯಾನಿಗೆ ಇನ್ನೂ ಅಪ್ಪಣೆ ದೊರೆತಿಲ್ಲ. ಈ ವರ್ಷ ನಮ್ಮ ಕಾಲೇಜಿನ ಮೂವರು ಹುಬ್ಬಳ್ಳಿಯ ಆ ಮಹಡಿಗೆ ಹೋಗುತ್ತಿದ್ದಾರೆ, ಅವರಲ್ಲಿ ಒಬ್ಬಳು ಹುಡುಗಿ. ಕೊನೆಯ ತಾಸಿನಲ್ಲಿ ನನ್ನ ಪಾಠವಿದ್ದ ದಿನ ಕರಿಹಲಗೆಯ ಮೂಲೆಯಲ್ಲಿ ಸಂಜೆಯ ಬಸ್ಸಿನ ವೇಳೆಯನ್ನು ಬರೆದಿಟ್ಟು, ಅದಕ್ಕೆ ಹತ್ತು ನಿಮಿಷ ಮೊದಲೇ ಪಂಪನನ್ನು ನಿಲ್ಲಿಸುತ್ತೇನೆ.